ಸೊಳ್ಳೆಯ ಕೆರೆ ಮರದ ಮೇಲಿತ್ತು

ಬಿಕಾಂ ಓದಿದ ನಂಗೆ ಅನಾನಸ್ ಅಂದ್ರೆ ಜ್ಯೂಸ್ ಅಷ್ಟೇ. ಅದರ ನೆಂಟರ ಕತೆ ಓದಿ ದಂಗಾದೆ. ಬ್ರೊಮೆಲಿಯಾಡ್ ಅನ್ನೋ ಈ ಕುಟುಂಬದ ಎಷ್ಟೋ ಗಿಡಗಳು ಮರದ ಮೇಲೇ ಬೆಳೀತವೆ. ಮರದ ರಸ ಹೀರಲ್ಲ. ಎಲೆಗಳ ಬುಡದಲ್ಲಿ ಮಳೆನೀರು ಹಿಡಿದಿಟ್ಟುಕೊಳ್ತವೆ.

ಟ್ರಿನಿಡಾಡ್‌ನ ಕೋಕೋ ತೋಟಗಳಲ್ಲಿ ನೆರಳಿಗೆ ಅಂತ ಬೆಳೆಸಿದ್ದು ನಮ್ಮ ಹಾಲುವಾಣದ ಕುಲದ್ದೇ ಮರ. ಅದರ ತುಂಬಾ ಈ ಗಿಡ, ಗಿಡದ ನೀರಲ್ಲಿ ಮಲೇರಿಯಾ ಹರಡೋ ಸೊಳ್ಳೆ. ನೆಲದ ಗುಂಡಿ ಮುಚ್ಚಿದ್ರೆ ಏನು ಬಂತು? 1940ರ ದಶಕದಲ್ಲಿ ಕಾಲಿನ್ ಪಿಟೆಂಡ್ರಿ ಅನ್ನೋ ಯುವ ವಿಜ್ಞಾನಿ ಅಲ್ಲಿ ಇದನ್ನೇ ಅಧ್ಯಯನ ಮಾಡಿದರು. ಕೊನೆಗೆ ಮೈಲುತುತ್ತ ಸಿಂಪಡಿಸಿ ಗಿಡಗಳನ್ನೇ ಕೊಂದರು.

ಗಿಡ ಕಾಡಲ್ಲಿ ತನ್ನ ಪಾಡಿಗಿತ್ತು. ತೋಟದಲ್ಲಿ ಜಾಗ ಕೊಟ್ಟಿದ್ದು ಮನುಷ್ಯರೇ. ಹಾಗಾದ್ರೆ ಆ ಜ್ವರವನ್ನ ಯಾರ ಖಾತೆಗೆ ಬರೆಯೋಣ?