ದೀಪದ ಬುಡದ ಕತ್ತಲೆ

ಫ್ಲಾರೆನ್ಸ್ ನೈಟಿಂಗೇಲಳ ಕಥೆಯನ್ನು ನೀವು ಶಾಲೆಯಲ್ಲಿ ಓದಿಯೇ ಇರುತ್ತೀರಿ. ರಾತ್ರಿಯ ವೇಳೆ ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ಮಂಚದಿಂದ ಮಂಚಕ್ಕೆ ನಡೆಯುವ ಆ ಸಾಧ್ವಿಯ ಚಿತ್ರ ನಮ್ಮ ಪಠ್ಯಪುಸ್ತಕಗಳಿಗೆ ಬಲು ಪ್ರಿಯವಾದುದು. ಅನೇಕ ವರ್ಷ ನಾನೂ ಅಷ್ಟನ್ನೇ ಬೋಧಿಸಿದೆ. ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಆಕೆ ಈಗ ದಾದಿ. ಮಾತಿನ ನಡುವೆ, “ಮೇಷ್ಟ್ರೇ, ರೋಗಿಗೆ ಏನು ಮಾಡಬೇಕೆಂಬುದು ನನಗೆ ಗೊತ್ತಿರುತ್ತದೆ. ಮಾಡುವುದಕ್ಕೆ ಮಾತ್ರ ಆಗುವುದಿಲ್ಲ. ನೀವು ಹೇಳಿದ ಪಾಠದಲ್ಲಿ ಇದು ಇರಲಿಲ್ಲ” ಎಂದಳು. ಆ ಮಾತು ನನ್ನನ್ನು ಪುನಃ ಇತಿಹಾಸದ ಪುಟಗಳಿಗೆ ಅಟ್ಟಿತು. ಪಾಠದಲ್ಲಿ ಇರಲಿಲ್ಲ, ನಿಜ, ಇತಿಹಾಸದಲ್ಲಿ ಇದ್ದಿತು.

1854ನೆಯ ಇಸವಿ. ರಷ್ಯದ ಮೇಲೆ ಇಂಗ್ಲೆಂಡು, ಫ್ರಾನ್ಸು, ತುರ್ಕಿಗಳು ಕ್ರಿಮಿಯದಲ್ಲಿ ಯುದ್ಧ ಹೂಡಿದ್ದ ಕಾಲ. ಗಾಯಗೊಂಡ ಇಂಗ್ಲಿಷ್ ಸೈನಿಕರನ್ನು ಹಡಗಿನಲ್ಲಿ ತುಂಬಿ, ಕಾನ್‌ಸ್ಟಾಂಟಿನೋಪಲಿನ ಎದುರು ದಡದಲ್ಲಿದ್ದ ಸ್ಕುಟಾರಿಯ ಆಸ್ಪತ್ರೆಗೆ ಸಾಗಿಸುತ್ತಿದ್ದರು. ನವೆಂಬರ್ 4ರಂದು ನೈಟಿಂಗೇಲ್ 38 ಮಂದಿ ದಾದಿಯರೊಡನೆ ಅಲ್ಲಿಗೆ ಬಂದಿಳಿದಳು. ಸೈನ್ಯದ ವೈದ್ಯರಿಗೆ ಇವರು ಬೇಡವಾದ ಅತಿಥಿಗಳು. ಹೆಂಗಸರಿಗೆ ದಂಡಿನ ಆಸ್ಪತ್ರೆಯಲ್ಲಿ ಏನು ಕೆಲಸವೆಂಬುದು ಅವರ ಭಾವನೆ.

ಆಗ ನೈಟಿಂಗೇಲ್ ತನ್ನವರಿಗೆ ಒಂದು ಕಠಿಣವಾದ ಅಪ್ಪಣೆ ಮಾಡಿದಳು: ವೈದ್ಯರು ಕೇಳಿಕೊಂಡ ಹೊರತು ಯಾರೂ ರೋಗಿಯ ಆರೈಕೆಗೆ ಕೈಹಾಕಕೂಡದು. ವಾಚಕರೇ, ಆ ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಿ. ಅದೇ ಕಟ್ಟಡದಲ್ಲಿ ನರಳುವ ಸೈನಿಕರು. ಶುಶ್ರೂಷೆಗೆಂದೇ ಕಡಲು ದಾಟಿ ಬಂದ ಹೆಂಗಸರು ಹಳೆಯ ಬಟ್ಟೆ ವಿಂಗಡಿಸುತ್ತ, ದಿಂಬು ಹೊಲಿಯುತ್ತ ಕುಳಿತಿದ್ದಾರೆ! ಕೆಲವರು ಒಡತಿಯ ಮೇಲೆ ಮುನಿದರು. ಆದರೆ ಅಪ್ಪಣೆ ಮೀರಿದ್ದರೆ ಇಡೀ ತಂಡವನ್ನೇ ಹಿಂದಕ್ಕೆ ಕಳುಹಿಸಬಹುದಾಗಿದ್ದಿತು. ಕೆಲವೇ ದಿನಗಳಲ್ಲಿ ಗಾಯಾಳುಗಳ ಪ್ರವಾಹ ಹರಿದುಬಂದಾಗ ವೈದ್ಯರೇ ಇವರ ನೆರವು ಬೇಡಿದರು.

ಇದನ್ನು ನಾವು ಧರ್ಮಸಂಕಟವೆನ್ನಬಹುದೇ? ಎರಡು ದಾರಿಗಳಲ್ಲಿ ಯಾವುದು ಸರಿಯೆಂದು ತೋಚದಿರುವುದು ಧರ್ಮಸಂಕಟ. ಒಡತಿಯದು ಅಂಥದು. ಹೊಲಿಗೆಗೆ ಕುಳಿತ ದಾದಿಯರದು ಬೇರೆ. ಸರಿಯಾದ ದಾರಿ ಕಣ್ಣೆದುರೇ ಇದೆ, ಆದರೆ ಕಾಲಿಗೆ ಕಟ್ಟು ಬಿದ್ದಿದೆ. ಕೌರವರ ಸಭೆಯಲ್ಲಿ ವಿದುರನಿಗೆ ಧರ್ಮ ಯಾವುದೆಂಬ ಸಂಶಯವಿರಲಿಲ್ಲ, ನುಡಿದೂ ನೋಡಿದ. ನಡೆಸುವ ಅಧಿಕಾರ ಅವನ ಕೈಯಲ್ಲಿರಲಿಲ್ಲ.

ದಾದಿಯರು ದುಡಿಯತೊಡಗಿದ ಮೇಲೂ ಸಂಕಟ ಮುಗಿಯಲಿಲ್ಲ. ಆಸ್ಪತ್ರೆಯ ಅಡಿಯಲ್ಲಿ ಚರಂಡಿಗಳು ಕಟ್ಟಿಕೊಂಡು ಕೊಳೆತಿದ್ದುವು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆಗೆ ಬಂದವರ ಪೈಕಿ ನೂರಕ್ಕೆ ಸುಮಾರು 42 ಮಂದಿ ಸತ್ತರು. ಮಾರ್ಚಿಯಲ್ಲಿ ಸರಕಾರದ ನೈರ್ಮಲ್ಯ ಆಯೋಗ ಬಂದು, ಚರಂಡಿ ತೊಳೆಯಿಸಿ, ಗಾಳಿಗೆ ದಾರಿ ಮಾಡಿಸಿತು. ಜೂನ್ ತಿಂಗಳ ಹೊತ್ತಿಗೆ ಸಾವು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

ಯುದ್ಧ ಮುಗಿದು ಊರಿಗೆ ಮರಳಿದ ನೈಟಿಂಗೇಲ್, ಅಂಕಿಅಂಶಗಳಲ್ಲಿ ನಿಪುಣನಾದ ವಿಲಿಯಂ ಫಾರನ ನೆರವಿನಿಂದ ಲೆಕ್ಕ ಹಾಕಿದಳು. ಬಹುಮಂದಿಯನ್ನು ಕೊಂದುದು ಶತ್ರುವಿನ ಗುಂಡಲ್ಲ, ತಡೆಯಬಹುದಾಗಿದ್ದ ರೋಗಗಳು! ದೀಪ ಹಿಡಿದು ತಾನು ಸಂತೈಸಿದವರಲ್ಲಿ ಎಷ್ಟೋ ಮಂದಿ ಸಾಯಬೇಕಾಗಿಯೇ ಇರಲಿಲ್ಲ. ಈ ಅರಿವು ಎಂಥವರ ಎದೆಯನ್ನಾದರೂ ಒಡೆಯುವಂಥದು. ಆಕೆ ಆ ನೋವನ್ನು ಅಂಕಿಗಳನ್ನಾಗಿ, 1858ರಲ್ಲಿ ಬಣ್ಣದ ನಕ್ಷೆಗಳನ್ನಾಗಿ ಮಾಡಿ ಅಧಿಕಾರಿಗಳ ಮುಂದೆ ಹರಡಿದಳು. ಅದೇ ಹಟ ನಮ್ಮ ದೇಶದವರೆಗೂ ಬಂದಿತು. ಇಂಡಿಯಾದ ದಂಡುಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಬ್ರಿಟಿಷ್ ಸೈನಿಕರು ಸಾಯುತ್ತಿದ್ದರೆಂದು ಸಾರಿದ 1863ರ ಆಯೋಗದ ವರದಿಯ ಹಿಂದೆ, ಈ ನೆಲವನ್ನು ಒಮ್ಮೆಯೂ ಮೆಟ್ಟದ ಆಕೆಯ ದುಡಿಮೆ ಇದ್ದಿತು.

ದಾದಿಯರ ಈ ವೇದನೆಗೆ ಒಂದು ಹೆಸರು ದೊರೆಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1984ರಲ್ಲಿ ಅಮೆರಿಕದ ಆಂಡ್ರೂ ಜೇಮ್ಟನ್ ಎಂಬ ತತ್ತ್ವಶಾಸ್ತ್ರಜ್ಞರು ಇದನ್ನು ‘ನೈತಿಕ ಯಾತನೆ’ ಎಂದು ಕರೆದು, ಧರ್ಮಸಂಕಟದಿಂದ ಬೇರ್ಪಡಿಸಿ ತೋರಿಸಿದರು: ಮಾಡಬೇಕಾದುದು ತಿಳಿದಿದೆ, ಸಂಸ್ಥೆಯ ಕಟ್ಟುಪಾಡು ಬಿಡದು. 2020ರ ಕೋವಿಡ್ ಕಾಲದಲ್ಲಿ ಬಂಧುಗಳನ್ನು ಹತ್ತಿರಕ್ಕೆ ಬಿಡಲಾಗದೆ, ಒಂಟಿಯಾಗಿ ಪ್ರಾಣ ಬಿಟ್ಟವರ ಬಳಿ ನಿಂತ ದಾದಿಯರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ನನ್ನ ಶಿಷ್ಯೆಗೆ ಅಂದು ನಾನು ಕೊಟ್ಟುದು ಬರಿಯ ಸಮಾಧಾನದ ಮಾತು, ಒಂದು ಲೋಟ ಕಾಫಿ. ಇಂದಾದರೆ ಬೇರೆ ಹೇಳುವೆನು: “ತಾಯಿ, ನಿನ್ನ ಸಂಕಟ ದೌರ್ಬಲ್ಯವಲ್ಲ, ಎಲ್ಲಿ ಚರಂಡಿ ಕಟ್ಟಿದೆಯೆಂಬುದನ್ನು ಅದು ತೋರಿಸುತ್ತಿದೆ. ಬರೆದಿಡು, ಎಣಿಸಿಡು, ಜೊತೆಯವರೊಡನೆ ಕೂಡಿ ಹೇಳು.” ನಿಮಗೂ ಒಂದು ಬಿನ್ನಹ. ಆಸ್ಪತ್ರೆಯಲ್ಲಿ ದಾದಿಯೊಬ್ಬಳ ಮಾತು ಒರಟಾಗಿ ಕಂಡರೆ, ಸಿಡುಕುವ ಮೊದಲು, ಆಕೆಯ ಪಾಲಿಗೆ ಆ ದಿನ ಎಷ್ಟು ಮಂದಿ ರೋಗಿಗಳಿದ್ದಾರೆಂದು ಒಮ್ಮೆ ಕೇಳಿ ನೋಡಿ. ದೂರು ಬರೆಯಲೇಬೇಕಾದರೆ, ಆ ಸಂಖ್ಯೆಯನ್ನೂ ಅದರಲ್ಲಿ ಬರೆಯಿರಿ.