ಬತ್ತಿದ ಬಾಯಿಗೆ ಚುಚ್ಚುಮದ್ದು

ಒಂದೇ ಚುಚ್ಚುಮದ್ದಿನಿಂದ ಬಾಯಲ್ಲಿ ಜೊಲ್ಲು ಮರಳಿ ಊರುವುದೆಂಬ ವಾರ್ತೆಯ ಪುಟವನ್ನು ಮಡಿಸಿಕೊಂಡು ಬೆಂಗಳೂರಿನ ಬೆನ್ಸನ್ ಟೌನಿನ ನಮ್ಮ ಚಿಕಿತ್ಸಾಲಯಕ್ಕೆ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಲ್ಲಿ ಬಹುಮಂದಿ ಬಾಯಿಯ ಅರ್ಬುದರೋಗಕ್ಕಾಗಿ ಕಿದ್ವಾಯಿ ಅರ್ಬುದ ಆಸ್ಪತ್ರೆಯಲ್ಲಿಯೋ ಅನ್ಯತ್ರವೋ ಕಿರಣಚಿಕಿತ್ಸೆ ಪಡೆದವರು. ಕಿರಣಕ್ಕೆ ಜೊಲ್ಲುಗ್ರಂಥಿಗಳು ಬತ್ತಿ, ನೀರಿನ ಬಾಟಲಿಯಿಲ್ಲದೆ ನಾಲ್ಕು ಮಾತು ಆಡಲಾರರು, ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತೂ ಅವರ ಗಂಟಲಲ್ಲಿ ತಡೆಯುತ್ತದೆ, ಪರೀಕ್ಷೆಗೆಂದು ಒಳಗಿಟ್ಟ ದಂತದರ್ಪಣವು ಕೆನ್ನೆಯ ಒಳಮೈಗೆ ಅಂಟಿಕೊಳ್ಳುತ್ತದೆ.

ಬತ್ತಿದ ಬಾಯಿಯ ಚಿಕಿತ್ಸೆಯ ಆದಿಕಾಲವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಪೈಲೋಕಾರ್ಪಿನ್ ಮಾತ್ರೆ ಅಳಿದುಳಿದ ಗ್ರಂಥಿಯನ್ನು ಕೆಣಕಿ ಬೆವರನ್ನೂ ಜೊತೆಗೆ ತರಿಸಿತು. ಅಮೆರಿಕದ ಸೈನ್ಯವು ವಿಕಿರಣದಿಂದ ರಕ್ಷಣೆಗೆಂದು ಶೋಧಿಸಿದ ಅಮಿಫಾಸ್ಟಿನ್ 1999ರಲ್ಲಿ ಕಿರಣದಿಂದ ಬಾಯಿ ಬತ್ತುವುದನ್ನು ತಗ್ಗಿಸಲು ಅನುಮತಿ ಪಡೆಯಿತಾದರೂ, ಅದನ್ನು ಪ್ರತಿ ಕಿರಣದ ಸರದಿಗೆ ಮುನ್ನ ನರಕ್ಕೆ ಕೊಡಬೇಕು, ವಾಂತಿಯನ್ನೂ ರಕ್ತದೊತ್ತಡದ ಇಳಿತವನ್ನೂ ಸಹಿಸಬೇಕು. ಮೊದಲೇ ಬತ್ತಿದ ಬಾಯಿಗಂತೂ ಅದು ನಿರರ್ಥಕ. ಗ್ರಂಥಿಯನ್ನು ತಪ್ಪಿಸಿ ಕಿರಣ ಹಾಯಿಸುವ ಐಎಂಆರ್‌ಟಿ ವಿಧಾನವು ಒಂದು ವರ್ಷದ ತರುವಾಯದ ಗಣನೀಯ ಶುಷ್ಕತೆಯನ್ನು ಶೇಕಡಾ 74ರಿಂದ 38ಕ್ಕೆ ಇಳಿಸಿತೆಂದು 2011ರ ಬ್ರಿಟಿಷ್ ಪರೀಕ್ಷೆ ತೋರಿಸಿತು. ಈವರೆಗಿನ ಯಾವ ಸೂಜಿಯೂ ಇಷ್ಟು ಜೊಲ್ಲನ್ನು ಉಳಿಸಿಲ್ಲವೆಂಬುದು ನನ್ನ ಮತ.

ನಮ್ಮ ಪೀಳಿಗೆಯನ್ನು ನಿಜವಾಗಿ ಮರುಳುಗೊಳಿಸಿದ್ದು ಅಮೆರಿಕದ ಸಂಶೋಧಕ ಬ್ರೂಸ್ ಬಾಮ್ ಅವರ ಪಂಥ. ಜೀವಕೋಶದ ಹೊರಪೊರೆಯಲ್ಲಿ ನೀರಿಗೆ ದಾರಿ ಬಿಡುವ ಅಕ್ವಾಪೊರಿನ್ ಎಂಬ ಪ್ರೋಟೀನಿನ ವಂಶವಾಹಿಯನ್ನು, ಪಳಗಿಸಿದ ವೈರಾಣುವಿನ ಮೇಲೇರಿಸಿ ಬತ್ತಿದ ಗ್ರಂಥಿಗೆ ಕಳುಹುವುದೆಂಬ ಅವರ ಕಲ್ಪನೆಯು 1997ರಲ್ಲಿ ಇಲಿಗಳಲ್ಲಿ ಫಲಿಸಿತು. 2012ರಲ್ಲಿ ಹನ್ನೊಂದು ಜನರ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಅಲ್ಲಿ ಸೂಜಿಯೇ ಇಲ್ಲ: ಮೇಲ್ದವಡೆಯ ಎರಡನೆಯ ದವಡೆಹಲ್ಲಿಗೆ ಎದುರಾಗಿ ಕೆನ್ನೆಯೊಳಗೆ ತೆರೆದುಕೊಳ್ಳುವ ಕಪೋಲಗ್ರಂಥಿಯ ಸಣ್ಣ ಬಾಯಿಯಿಂದ ಕೂದಲೆಳೆಯಂಥ ನಳಿಕೆಯನ್ನು ತೂರಿಸಿ ಔಷಧವನ್ನು ಮೆಲ್ಲನೆ ಹರಿಸುತ್ತಾರೆ. ಆರು ಮಂದಿಯಲ್ಲಿ ಸ್ರಾವ ಹೆಚ್ಚಿತು, ಅವರಲ್ಲಿ ಐವರಿಗೆ ಹಿತವೆನಿಸಿತು, ಮತ್ತು ಫಲ ಕಂಡದ್ದು ಅಲ್ಪ ಪ್ರಮಾಣ ಪಡೆದವರಲ್ಲಿ. ಮದ್ದು ಹೆಚ್ಚಿದಷ್ಟೂ ಗುಣವೆಂದು ನಂಬುವವರು ಇದನ್ನು ಎರಡು ಸಲ ಓದಬೇಕು.

ಪತ್ರಿಕೆಗಳ ಸೂಜಿ ಬೇರೆಯದು. ಕೋಪನ್‌ಹೇಗನ್ನಿನ ವೈದ್ಯರು ರೋಗಿಯ ಕೊಬ್ಬಿನಿಂದಲೇ ಆಕರಕೋಶಗಳನ್ನು ಬೆಳೆಸಿ ದವಡೆಯಡಿಯ ಗ್ರಂಥಿಗಳಿಗೆ ಚುಚ್ಚಿದರು. ಮೂವತ್ತು ಜನರ ಆ ಪರೀಕ್ಷೆಯಲ್ಲಿ ನಾಲ್ಕು ತಿಂಗಳಿಗೆ ಕೋಶ ಪಡೆದವರ ಸ್ರಾವವು ಅರ್ಧದಷ್ಟು ಏರಿತೆಂದು 2018ರಲ್ಲಿ ವರದಿಯಾಯಿತು. ಆದರೆ ಅವರೆಲ್ಲ ವೈರಾಣುವಿನಿಂದ ಗಂಟಲಿನ ಅರ್ಬುದ ಬಂದವರು. ಹೊಗೆಸೊಪ್ಪು, ಅಡಿಕೆ, ಗುಟ್ಕಾಗಳಿಂದ ಬಾಯಿ ಕೆಟ್ಟ ನಮ್ಮವರಿಗಾದರೋ ಶಸ್ತ್ರಚಿಕಿತ್ಸೆಯಲ್ಲಿ ಕತ್ತಿನ ಗಂಟುಗಳೊಂದಿಗೆ ಆ ಬದಿಯ ದವಡೆಯಡಿಯ ಗ್ರಂಥಿಯನ್ನೂ ಸಾಮಾನ್ಯವಾಗಿ ತೆಗೆದೇ ಬಿಡುತ್ತಾರೆ. ಇಲ್ಲದ ಗ್ರಂಥಿಗೆ ಚುಚ್ಚುವುದೆಂತು?

ಕೋಶ ಬೆಳೆಸುವ ವಿದ್ಯೆ ಈ ನಗರಕ್ಕೆ ಅಪರಿಚಿತವಲ್ಲ. ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಕಾಲಿನ ರಕ್ತನಾಳದ ರೋಗಕ್ಕೂ ಮೊಣಕಾಲಿನ ಸವೆತಕ್ಕೂ ಅದನ್ನು ಪರೀಕ್ಷಿಸಿದೆ. ಅನುಮೋದಿತ ಪರೀಕ್ಷೆಯ ಹೊರಗೆ ಇಂಥ ಕೋಶಗಳನ್ನು ಮಾರಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) 2017ರಲ್ಲಿಯೇ ವಿಧಿಸಿರುವುದರಿಂದ ಪರೀಕ್ಷೆಯೊಂದೇ ಮಾರ್ಗ. ಇಲ್ಲಿ ಅದನ್ನು ಹೂಡುವವರು ಕಪೋಲಗ್ರಂಥಿಯಿಂದಲೇ ತೊಡಗಬೇಕಾದೀತು. ಅದಕ್ಕೂ ಮುನ್ನ, ಯಾವ ಗ್ರಂಥಿ ಹೋಯಿತು, ಯಾವುದು ಉಳಿಯಿತು, ಉಳಿದುದಕ್ಕೆ ಎಷ್ಟು ಕಿರಣ ತಗುಲಿತು ಎಂಬುದನ್ನು ಪ್ರತಿ ರೋಗಿಯ ಚೀಟಿಯಲ್ಲಿ ಬರೆದುಕೊಡುವ ರೂಢಿ ನಮ್ಮ ಆಸ್ಪತ್ರೆಗಳಿಗೆ ಬರಬೇಕು.