ಕ್ಯಾಮ್ ಎಲ್ಲಿದೆ ಹೇಳಿ, ಪ್ಯಾಕಿಂಗ್ ಯಾವುದು ಹೇಳ್ತೀನಿ

ತ್ಯಾಮಗೊಂಡ್ಲು ಕಡೆ ಇರುವ ನಮ್ಮ ದೊಡ್ಡಪ್ಪನ ಹತ್ತಿರ ಒಂದು ಹಳೇ ಬುಲೆಟ್ ಇದೆ. ಪಾಯಿಂಟ್ ಇಗ್ನಿಷನ್ನಿನ, ಕಬ್ಬಿಣದ ಸಿಲಿಂಡರಿನ ಬುಲೆಟ್. ಬಲಗಡೆಯಿಂದ ಟಕಟಕ ಸದ್ದು ಜಾಸ್ತಿಯಾಯಿತು ಅಂತ ನೆಲಮಂಗಲದ ಒಂದು ಗ್ಯಾರೇಜಿಗೆ ಬಿಟ್ಟರೆ, "ಕ್ಯಾಮ್ ಸವೆದೈತೆ ಗೌಡ್ರೇ, ಇಂಜಿನ್ ಪೂರಾ ಬಿಚ್ಬೇಕು, ಫುಲ್ ಸೆಟ್ ಪ್ಯಾಕಿಂಗ್ ತರ್ಸಿ" ಅಂದರಂತೆ. ದೊಡ್ಡಪ್ಪ ಫೋನ್ ಮಾಡಿ, "ನೀನು ಇಂಜಿನಿಯರ್ರಲ್ಲವೇನೋ, ಹೌದಾ ಹೇಳು" ಅಂದರು. ನಾನು ಬರೆಯೋದು ಜಾವಾ ಕೋಡು, ಮೈಸೂರಿನ ಜಾವಾ ಅಲ್ಲ :-) ಆದರೂ ಹಳೇ ಮ್ಯಾನ್ಯುಯಲ್ ಹಿಡಿದು ಕೂತೆ. ಪ್ಯಾಕಿಂಗ್ ಹುಡುಕಲು ಹೋದವನಿಗೆ ನಮ್ಮ ಬೈಕುಗಳ ಚರಿತ್ರೆಯೇ ಸಿಕ್ಕಿತು.

ಎಂಜಿನ್ ಬಿಚ್ಚದವರಿಗಾಗಿ ಎರಡು ಮಾತು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್-ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ವಾಲ್ವುಗಳಿವೆ. ಅವನ್ನು ಹೊತ್ತಿಗೆ ಸರಿಯಾಗಿ ತೆರೆಸುವುದು ಕ್ಯಾಮ್ ಎಂಬ ಮೊಟ್ಟೆಯಾಕಾರದ ಉಬ್ಬು. ಎರಡು ಲೋಹದ ಮುಖಗಳ ಮಧ್ಯೆ ಎಣ್ಣೆಯೋ ಗ್ಯಾಸೋ ಸೋರದಂತೆ ಕೂರಿಸುವ ಹಾಳೆ ಗ್ಯಾಸ್ಕೆಟ್. ನಮ್ಮ ಕಡೆ ಪ್ಯಾಕಿಂಗ್ ಅಂದರೇನೇ ಅರ್ಥವಾಗೋದು. ಒಮ್ಮೆ ಬಿಗಿಯಾಗಿ ಅಮುಕಿಸಿಕೊಂಡ ಪ್ಯಾಕಿಂಗನ್ನು ಬಿಚ್ಚಿದ ಮೇಲೆ ಮತ್ತೆ ಹಾಕಬಾರದು. ಹಾಗಾಗಿ ಪ್ರಶ್ನೆ ಇಷ್ಟೇ: ಕ್ಯಾಮ್ ತಲುಪಲು ಯಾವ ಯಾವ ಜೋಡಣೆ ಬಿಚ್ಚಬೇಕು?

ನಮ್ಮ ನಾಡಿನದೇ ಬೈಕಿಗೆ ಈ ತಲೆನೋವೇ ಇರಲಿಲ್ಲ ನೋಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ವಾಲ್ವಿಲ್ಲ, ಕ್ಯಾಮಿಲ್ಲ. ಹಾಗಂತ ಪ್ಯಾಕಿಂಗ್ ಮುಖ್ಯವಲ್ಲ ಅಂತಲ್ಲ. ಅದರಲ್ಲಿ ಕ್ರ್ಯಾಂಕ್‌ಕೇಸೇ ಪೆಟ್ರೋಲ್-ಗಾಳಿಯ ಪಂಪು. ಪ್ಯಾಕಿಂಗ್ ಹರಿದು ಹೊರಗಿನ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತೆ. ತಮಾಷೆ ಏನೆಂದರೆ, 2018ರಲ್ಲಿ ಜಾವಾ ಹೆಸರು ವಾಪಸ್ ಬಂದಾಗ ಆ ಎಂಜಿನ್ನಿನ ತಲೆಯಲ್ಲಿ ಒಂದಲ್ಲ, ಎರಡು ಕ್ಯಾಮ್‌ಶಾಫ್ಟ್!

ಬುಲೆಟ್ಟಿನ ಕತೆ ಬೇರೆ. ಇಂಗ್ಲೆಂಡಿನ ರೆಡಿಚ್‌ನಲ್ಲಿ ಹುಟ್ಟಿದ ವಿನ್ಯಾಸ 1955ರಲ್ಲಿ ಮದರಾಸಿಗೆ ಬಂತು. ಇಂಗ್ಲೆಂಡಿನ ಕಂಪನಿ ಮುಚ್ಚಿಹೋದರೂ ತಿರುವೊಟ್ಟಿಯೂರಿನಲ್ಲಿ ಅದೇ ಎಂಜಿನ್ ದಶಕಗಳ ಕಾಲ ತಯಾರಾಗುತ್ತಲೇ ಇತ್ತು. ಅದರಲ್ಲಿ ಕ್ಯಾಮ್ ಇರೋದು ತಲೆಯಲ್ಲಲ್ಲ, ಕೆಳಗೆ. ಎಂಜಿನ್ನಿನ ಬಲಗಡೆ ಟೈಮಿಂಗ್ ಕವರಿನ ಹಿಂದೆ, ಇನ್‌ಲೆಟ್‌ಗೊಂದು ಎಕ್ಸಾಸ್ಟ್‌ಗೊಂದು ಅಂತ ಎರಡು ಬೇರೆ ಬೇರೆ ಕ್ಯಾಮ್ ಗೇರುಗಳು. ಉದ್ದನೆಯ ಪುಶ್‌ರಾಡ್‌ಗಳು ಅಲ್ಲಿಂದ ಮೇಲಕ್ಕೆ ತಳ್ಳುತ್ತವೆ.

ಅಂದರೆ ಕ್ಯಾಮ್ ಬದಲಿಸಲು ಹೆಡ್ ಮುಟ್ಟಬೇಕಿಲ್ಲ, ಸಿಲಿಂಡರ್ ಎತ್ತಬೇಕಿಲ್ಲ. ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ತಂದು, ಪಕ್ಕದ ಚಿಕ್ಕ ಟ್ಯಾಪೆಟ್ ಕವರ್ ತೆಗೆದು ಪುಶ್‌ರಾಡ್ ಸಡಿಲಿಸಿ, ಟೈಮಿಂಗ್ ಕವರ್ ಬಿಚ್ಚಿದರೆ ಗೇರುಗಳು ಕಣ್ಣೆದುರೇ. ಬೇಕಾಗೋದು ಟೈಮಿಂಗ್ ಕವರಿನ ಪೇಪರ್ ಪ್ಯಾಕಿಂಗ್, ಟ್ಯಾಪೆಟ್ ಕವರಿನದು, ಮತ್ತೆ... ಇಲ್ಲಿದೆ ಎಲ್ಲರೂ ಮರೆಯುವ ವಸ್ತು. ಕವರಿನಿಂದ ಕ್ರ್ಯಾಂಕಿಗೆ ಎಣ್ಣೆ ದಾಟುವ ಜಾಗದಲ್ಲಿ ಒಂದು ಪುಟ್ಟ ಸೀಲ್. ಹಳೆಯದರಲ್ಲಿ ಕಾರ್ಕಿನದು, ಆಮೇಲೆ ರಬ್ಬರಿನದು. ಅದು ಸೋತರೆ ಹೊರಗೆ ಒಂದು ತೊಟ್ಟೂ ಸೋರುವುದಿಲ್ಲ, ಒಳಗೆ ಬಿಗ್ ಎಂಡ್‌ಗೆ ಎಣ್ಣೆ ಕಡಿಮೆಯಾಗುತ್ತೆ. ಗೊತ್ತಾಗೋ ಹೊತ್ತಿಗೆ ನಿಜಕ್ಕೂ ಎಂಜಿನ್ ಪೂರಾ ಬಿಚ್ಚಬೇಕಾದ ಸ್ಥಿತಿ.

ಆ ಪೇಪರ್ ಪ್ಯಾಕಿಂಗಿನ ತೂತುಗಳೂ ಅಲಂಕಾರಕ್ಕಲ್ಲ, ಎಣ್ಣೆಯ ದಾರಿಗಳು. ಹಳೆಯದರ ಮೇಲೆ ಹೊಸದನ್ನಿಟ್ಟು ಒಂದೊಂದೂ ತಾಳೆ ನೋಡಬೇಕು. "ಇರಲಿ ಬಿಡಿ" ಅಂತ ಟ್ಯೂಬಿನ ಗಮ್ಮು ಧಾರಾಳವಾಗಿ ಬಳಿದರೆ, ಹಿಂಡಿ ಒಳಬಂದ ಗಮ್ಮು ಅದೇ ದಾರಿಯಲ್ಲಿ ಕೂರುತ್ತೆ. ಹೊರಗೆ ಹನಿ ಬೀಳದಿದ್ದರೆ ಕೆಲಸ ಚೆನ್ನಾಗಿದೆ ಅನ್ನೋ ನಂಬಿಕೆಯೇ ಇದಕ್ಕೆಲ್ಲ ಮೂಲ ಅಂತ ನನಗನ್ನಿಸುತ್ತೆ.

ಹಾಗಾದರೆ ಆ ಮೆಕ್ಯಾನಿಕ್ ಫುಲ್ ಸೆಟ್ ಅಂದಿದ್ದು ಯಾಕೆ? ಮೋಸ ಅಂತ ನಾನು ಹೇಳಲಾರೆ. ಅವರ ಕೈ ಪಳಗಿರೋದು ಬೇರೆ ಎಂಜಿನ್ ಮೇಲೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, 1994ರಲ್ಲಿ ಸ್ಪ್ಲೆಂಡರ್. ಹಾಲಿನ ಕ್ಯಾನು, ಹೂವಿನ ಮೂಟೆ, ಮೇವಿನ ಹೊರೆ, ದೊಡ್ಡಬಳ್ಳಾಪುರದ ಮಗ್ಗಗಳ ನೂಲು ಎಲ್ಲ ಹೊತ್ತಿದ್ದು ಈ ಬೈಕುಗಳೇ. ಇವುಗಳಲ್ಲಿ ಕ್ಯಾಮ್ ಇರೋದು ಹೆಡ್ಡಿನಲ್ಲಿ, ಕೆಳಗಿನಿಂದ ಚೈನ್ ತಿರುಗಿಸುತ್ತೆ. ಹೋಂಡಾದ ಹಳೇ ಕಬ್ ಸಂತತಿಯ ಈ ಎಂಜಿನ್ನಿನಲ್ಲಿ ಮೇಲಿನ ಕವರ್ ಹಿಡಿದ ನಾಲ್ಕು ನಟ್ಟುಗಳೇ ಹೆಡ್ಡನ್ನೂ ಸಿಲಿಂಡರನ್ನೂ ಹಿಡಿದಿರುತ್ತವೆ. ಕ್ಯಾಮ್ ನೋಡಲು ಕವರ್ ತೆಗೆದರೆ ಹೆಡ್ ಪ್ಯಾಕಿಂಗಿನ ಹಿಡಿತವೂ ಸಡಿಲ. ಇಲ್ಲಿ ಸೆಟ್ ಹಾಕುವುದೇ ಸರಿ. ಆ ನಾಲ್ಕು ವಾಷರುಗಳಲ್ಲಿ ಎಣ್ಣೆ ಹರಿಯುವ ಬೋಲ್ಟಿನದು ತಾಮ್ರದ್ದು. ಅದನ್ನು ಬೇರೆ ಬೋಲ್ಟಿಗೆ ಹಾಕಿದರೆ ನಟ್ಟಿನ ಬುಡದಲ್ಲೇ ಎಣ್ಣೆ ಜಿನುಗುತ್ತೆ.

ಇಂಥ ಎಂಜಿನ್ನಿನಲ್ಲಿ ದಪ್ಪವೂ ಲೆಕ್ಕಕ್ಕೆ ಬರುತ್ತೆ. "ದಪ್ಪ ಪ್ಯಾಕಿಂಗ್ ಚೆನ್ನಾಗಿ ಹಿಡಿಯುತ್ತೆ" ಅನ್ನೋ ಮಾತು ನಂಬಬೇಡಿ. ಹೆಡ್ ಮೇಲೇರಿದಷ್ಟೂ ಕಂಪ್ರೆಷನ್ ಇಳಿಯುತ್ತೆ. ಜೊತೆಗೆ ಕ್ರ್ಯಾಂಕಿಗೂ ಕ್ಯಾಮಿಗೂ ನಡುವಿನ ದೂರ ಹೆಚ್ಚಿ, ಅದೇ ಉದ್ದದ ಚೈನು ಕ್ಯಾಮನ್ನು ಕೂದಲೆಳೆಯಷ್ಟು ತಡವಾಗಿ ತಿರುಗಿಸುತ್ತೆ.

ಇನ್ನು ಬುಲೆಟ್ ಪ್ಯಾಕಿಂಗ್ ಕೊಳ್ಳುವಾಗ ಅಂಗಡಿಯಲ್ಲಿ ಬರೀ "ಬುಲೆಟ್" ಅಂದರೆ ಸಾಲದು. ಕಬ್ಬಿಣದ ಎಂಜಿನ್ ಆದ ಮೇಲೆ ಎ.ವಿ.ಎಲ್. ಬಂತು, 2008ರಿಂದ ಯು.ಸಿ.ಇ. ಎರಡರಲ್ಲೂ ಕ್ಯಾಮ್ ಕೆಳಗೇ, ಆದರೆ ಕವರಿನ ಆಕಾರ ಬೇರೆ. 2020ರಲ್ಲಿ ಮೀಟಿಯರ್ ಜೊತೆ ಬಂದ ಜೆ ಸೀರೀಸ್ 350 ಎಂಜಿನ್ನಿನಲ್ಲಿ ಕ್ಯಾಮ್ ತಲೆಗೇರಿತು. 2023ರಲ್ಲಿ ಬುಲೆಟ್ಟಿಗೂ ಅದೇ ಬಂತು. ಹೆಸರು ಒಂದೇ, ಪ್ಯಾಕಿಂಗ್ ಪೂರ್ತಿ ಬೇರೆ.

ದೊಡ್ಡಪ್ಪನಿಗೆ ಇದನ್ನೆಲ್ಲ ಅಷ್ಟುದ್ದ ಹೇಳಲಿಲ್ಲ. ಕಾಗದದ ಮೇಲೆ ಬೇಕಾದಷ್ಟನ್ನೇ ಬರೆದುಕೊಟ್ಟೆ. ಜೆ.ಸಿ. ರಸ್ತೆಯಲ್ಲಿ ಎಲ್ಲ ಸಿಕ್ಕಿತು. ಮೆಕ್ಯಾನಿಕ್ಕೂ ಬೇಜಾರಿಲ್ಲದೆ ಕವರ್ ಒಂದನ್ನೇ ಬಿಚ್ಚಿ ಕ್ಯಾಮ್ ಹಾಕಿಕೊಟ್ಟರು.

ಒಂದೇ ವಿಷಯಕ್ಕೆ ನಾನು ಅಲ್ಲಿ ಜಗಳವಾಡಿದ್ದು. ಅಂಟಿಕೊಂಡ ಹಳೇ ಪ್ಯಾಕಿಂಗನ್ನು ಒಣಗಿದ್ದಂತೆಯೇ ಕೆರೆದು, ಪುಡಿಯನ್ನು ಬಾಯಿಂದ ಉಫ್ ಅಂತ ಊದುತ್ತಿದ್ದ ಅಲ್ಲಿನ ಹುಡುಗ. ಆ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಧಾರಾಳವಾಗಿ ಬಳಕೆಯಲ್ಲಿತ್ತು. ಅದರ ನಾರಿನ ಧೂಳು ಶ್ವಾಸಕೋಶ ಹೊಕ್ಕರೆ ಇಪ್ಪತ್ತು-ಮೂವತ್ತು ವರ್ಷ ಬಿಟ್ಟು ಕ್ಯಾನ್ಸರ್ ಆಗಿ ಎದ್ದುಬರಬಹುದು. ಯುರೋಪಿನ ಒಕ್ಕೂಟ 2005ರಿಂದ ಅದನ್ನು ನಿಷೇಧಿಸಿದೆ. ಕಣ್ಣಲ್ಲಿ ನೋಡಿ ಇದರಲ್ಲಿದೆ, ಅದರಲ್ಲಿಲ್ಲ ಅಂತ ಹೇಳಲು ಬರೋದಿಲ್ಲ. ಎಣ್ಣೆಯಲ್ಲೋ ಸೋಪಿನ ನೀರಲ್ಲೋ ನೆನೆಸಿ ಒದ್ದೆಯಾಗಿಯೇ ಕೆರೆದು, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಬೇಕು. ಏರ್ ಹೋಸ್ ಅಂತೂ ಹಿಡಿಯಲೇಬಾರದು. ಹುಡುಗ ನಕ್ಕ. ಆಮೇಲೆ ಒಂದು ಮಗ್ಗಿನಲ್ಲಿ ನೀರು ತಂದುಕೊಂಡ.